ಮನೆಯ ಸ್ವಿಚ್ ಯಾರ ಕೈಯಲ್ಲಿರಬೇಕು?

(ಹೆಸರು, ಊರು, ಗುರುತು ಸಿಗುವಂಥ ವಿವರಗಳನ್ನು ಬದಲಾಯಿಸಿದ್ದೇನೆ. ಇಬ್ಬರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ.)

"ಮೇಡಂ, ನಮ್ಮನೇಲಿ ಒಂದು ಲೈಟ್ ಹಾಕೋಕೂ ನಾನು ಫೋನ್ ಹುಡುಕಬೇಕು." ಆಪ್ತಸಲಹೆಗೆ ಬಂದ ಮಾಲತಿ ನನ್ನ ಹತ್ತಿರ ಆಡಿದ ಮೊದಲ ಮಾತು ಇದು. ಮಲೆನಾಡಿನವರು. ಮದುವೆಯಾದ ಮೇಲೆ ಸ್ವೀಡನ್ನಿನಲ್ಲಿ ನೆಲೆಸಿದ್ದಾರೆ. ಗಂಡ ಲಾರ್ಸ್ ಅಲ್ಲಿಯವರೇ, ವಯಸ್ಸು ನಲವತ್ತೈದರ ಆಸುಪಾಸು. ಆರು ವರ್ಷದ ಮಗಳಿದ್ದಾಳೆ. ಸ್ಟಾಕ್‌ಹೋಮ್‌ಗೆ ದಿನಾ ರೈಲಿನಲ್ಲಿ ಹೋಗಿಬರುವಷ್ಟು ದೂರದಲ್ಲಿ ಸ್ವಂತ ಮನೆ.

ಲಾರ್ಸ್‌ಗೆ ಯಂತ್ರಗಳೆಂದರೆ ಪ್ರಾಣ. ಮನೆಯ ದೀಪ, ಹೀಟಿಂಗ್, ಬಟ್ಟೆ ಒಗೆಯುವ ಮೆಷಿನ್ ಎಲ್ಲವೂ ಮೆಟ್ಟಿಲ ಕೆಳಗಿನ ಕಪಾಟಿನಲ್ಲಿರುವ ಪುಟ್ಟ ರಾಸ್ಪ್‌ಬೆರಿ ಪೈ ಕಂಪ್ಯೂಟರಿನ ಮಾತು ಕೇಳುತ್ತವೆ. ಅದರಲ್ಲಿ ಹೋಮ್ ಅಸಿಸ್ಟೆಂಟ್ ಎಂಬ ಉಚಿತ ತಂತ್ರಾಂಶ ಓಡುತ್ತದೆ. ತೊಂದರೆ ಎಲ್ಲಿ ಅಂದರೆ, ಗೋಡೆಯ ಸ್ವಿಚ್ ಆರಿಸಿಬಿಟ್ಟರೆ ಸ್ಮಾರ್ಟ್ ಬಲ್ಬಿಗೆ ಕರೆಂಟೇ ಇರುವುದಿಲ್ಲ, ಕಂಪ್ಯೂಟರ್ ಎಷ್ಟು ಹೇಳಿದರೂ ಅದು ಹತ್ತುವುದಿಲ್ಲ. ಅದಕ್ಕೆ ಲಾರ್ಸ್ ಸ್ವಿಚ್‌ಗಳ ಮೇಲೆ ಟೇಪ್ ಅಂಟಿಸಿದ್ದರು. ಹಿಂದಿನ ಚಳಿಗಾಲದಲ್ಲಿ ಮಾಲತಿಯ ಅಮ್ಮ ಊರಿನಿಂದ ಬಂದಿದ್ದರು. ಡಿಸೆಂಬರಿನಲ್ಲಿ ಅಲ್ಲಿ ಮಧ್ಯಾಹ್ನ ಮೂರಕ್ಕೆಲ್ಲ ಸೂರ್ಯ ಮುಳುಗುತ್ತಾನೆ. ಒಂದು ದಿನ ದೀಪ ಹಾಕುವುದು ಹೇಗೆಂದು ತಿಳಿಯದೆ, ಮಗಳು ಕೆಲಸದಿಂದ ಬರುವ ತನಕ ಅವರು ಕತ್ತಲಲ್ಲೇ ಕೂತಿದ್ದರಂತೆ. "ಅಮ್ಮ ಏನೂ ಅನ್ನಲಿಲ್ಲ. ಅದೇ ಜಾಸ್ತಿ ನೋವಾಯ್ತು" ಎಂದರು ಮಾಲತಿ.

ಇನ್ನೊಂದು ದೂರು ಚಳಿಯದ್ದು. ಇವರ ಕರೆಂಟಿನ ದರ ಹೊತ್ತುಹೊತ್ತಿಗೆ ಬದಲಾಗುವಂಥದ್ದು. ನಾಳೆಯ ದರ ಇವತ್ತು ಮಧ್ಯಾಹ್ನ ಒಂದರ ಸುಮಾರಿಗೆ ಗೊತ್ತಾಗುತ್ತದೆ. ಮೊದಲು ಗಂಟೆಗೊಂದು ದರ ಇತ್ತು, 2025ರ ಅಕ್ಟೋಬರಿನಿಂದ ಹದಿನೈದು ನಿಮಿಷಕ್ಕೊಂದು. ಚಳಿಗಾಲದಲ್ಲಿ ಸಾಮಾನ್ಯವಾಗಿ ದರ ಏರುವುದು ಸಂಜೆ, ಎಲ್ಲರೂ ಮನೆಗೆ ಬಂದು ಒಲೆ ಹಚ್ಚುವ ಹೊತ್ತಿಗೆ. ಆಗ ಲಾರ್ಸ್‌ನ ಕಂಪ್ಯೂಟರ್ ಹೀಟಿಂಗ್ ಇಳಿಸುತ್ತಿತ್ತು. ಮಾಲತಿ ಹೊರಗಿನ ಹಿಮ ತುಳಿದು ಬಂದು, ತಣ್ಣಗಿನ ಅಡುಗೆಮನೆಯಲ್ಲಿ ಸ್ವೆಟರ್ ಹಾಕಿಕೊಂಡೇ ಅನ್ನಕ್ಕೆ ಇಡಬೇಕಿತ್ತು.

"ಇದು ಚಟ ಅಲ್ವಾ ಮೇಡಂ?" ಎಂದು ಕೇಳಿದರು.

ಚಟ ಎಂಬ ಪದವನ್ನು ನಾನು ಸುಲಭಕ್ಕೆ ಒಪ್ಪುವುದಿಲ್ಲ. ನಿದ್ದೆ ಕೆಡುತ್ತಿದೆಯಾ, ಕೆಲಸಕ್ಕೆ ತಪ್ಪಿಸುತ್ತಿದ್ದಾರಾ, ದುಡ್ಡಿನ ವಿಷಯದಲ್ಲಿ ಸುಳ್ಳು ಹೇಳುತ್ತಿದ್ದಾರಾ, ಬೇರೆ ಎಲ್ಲದರಲ್ಲೂ ಆಸಕ್ತಿ ಹೋಗಿದೆಯಾ ಎಂದು ವಿಚಾರಿಸಿದೆ. ಯಾವುದಕ್ಕೂ ಹೌದು ಎನ್ನುವ ಉತ್ತರ ಬರಲಿಲ್ಲ. ಹೌದು ಎಂದಿದ್ದರೆ ಮೊದಲು ಅಲ್ಲಿನ ಆರೋಗ್ಯ ಕೇಂದ್ರಕ್ಕೆ ಹೋಗಿ ಎನ್ನುತ್ತಿದ್ದೆ. ಕತ್ತಲ ತಿಂಗಳುಗಳಲ್ಲಿ ಮನಸ್ಸು ಕುಸಿಯುವುದು ಆ ದೇಶದಲ್ಲಿ ಅಪರೂಪವಲ್ಲ.

ಮುಂದಿನ ಸಲ ಲಾರ್ಸ್ ಕೂಡ ಬಂದರು. ಮೊದಲ ನಿಮಿಷದಿಂದಲೇ ನನ್ನನ್ನು ಹೆಸರಿಟ್ಟು ಕರೆದರು. ಅಲ್ಲಿ ಡಾಕ್ಟರನ್ನೂ ಮೇಷ್ಟ್ರನ್ನೂ ಹಾಗೇ ಕರೆಯುತ್ತಾರೆ. ಮೃದು ಮನುಷ್ಯ. ನಾನು ಒಂದು ಕೆಲಸ ಕೊಟ್ಟೆ: ಎರಡು ವಾರ, ಯಂತ್ರದ ಮುಂದಿನಿಂದ ಎದ್ದಾಗಲೆಲ್ಲ ಮೈ ಹಗುರಾಗಿದೆಯಾ, ಬಿಗಿಯಾಗಿದೆಯಾ ಎಂದು ಬರೆದಿಡಿ. ಯಂತ್ರವಿಲ್ಲದ ಸಣ್ಣ ಖುಷಿಗಳನ್ನೂ ಬರೆಯಿರಿ.

ಅವರು ತಂದ ಪಟ್ಟಿಯನ್ನು ನೋಡಿ ನನಗೇ ಸಂತೋಷವಾಯಿತು. ಆಫೀಸಿನ ಮಧ್ಯಾಹ್ನದ ಕಾಫಿ, ಜೊತೆಗೆ ದಾಲ್ಚಿನ್ನಿ ಬನ್: ಹಗುರ. ಶುಕ್ರವಾರ ಸಂಜೆ ಸೋಫಾದಲ್ಲಿ ಚಿಪ್ಸ್ ತಿನ್ನುತ್ತಾ ಮಗಳ ಜೊತೆ ಮೈನ್‌ಕ್ರಾಫ್ಟ್ ಎಂಬ ಕಂಪ್ಯೂಟರ್ ಆಟದಲ್ಲಿ ಮನೆ ಕಟ್ಟುವುದು: ಹಗುರ. ಶನಿವಾರ ಅವಳನ್ನು ಅಂಗಡಿಗೆ ಕರೆದುಕೊಂಡು ಹೋಗಿ ಕಾಗದದ ಚೀಲಕ್ಕೆ ಮಿಠಾಯಿ ತುಂಬಿಸುವುದು: ಹಗುರ. ಮಕ್ಕಳಿಗೆ ಮಿಠಾಯಿ ವಾರಕ್ಕೊಮ್ಮೆ, ಶನಿವಾರ ಮಾತ್ರ ಎನ್ನುವುದು ಅಲ್ಲಿ ಬಹಳ ಮನೆಗಳ ರೂಢಿ.

ಎಲ್ಲಕ್ಕಿಂತ ಉದ್ದ ಬರೆದದ್ದು ರೇಡಿಯೋ ಬಗ್ಗೆ. ಸ್ವೀಡನ್ನಿನ ಪಶ್ಚಿಮ ಕರಾವಳಿಯ ವಾರ್ಬೆರಿ ಊರಿನ ಹತ್ತಿರ ಗ್ರಿಮೆಟೋನ್ ಎಂಬಲ್ಲಿ 1920ರ ದಶಕದ ರೇಡಿಯೋ ಕೇಂದ್ರವಿದೆ. 127 ಮೀಟರ್ ಎತ್ತರದ ಆರು ಗೋಪುರಗಳು. 2004ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಗರಗರ ತಿರುಗುವ ದೊಡ್ಡ ಜನರೇಟರಿನಿಂದಲೇ ರೇಡಿಯೋ ತರಂಗ ಹುಟ್ಟಿಸುವ ಹಳೆಯ ಯಂತ್ರ ಅದು. ಈಗಲೂ ಕ್ರಿಸ್‌ಮಸ್ ಹಿಂದಿನ ದಿನ ಬೆಳಿಗ್ಗೆ ಅದನ್ನು ಎಬ್ಬಿಸಿ ಮೋರ್ಸ್ ಸಂಕೇತದಲ್ಲಿ ಸಂದೇಶ ಕಳಿಸುವ ಸಂಪ್ರದಾಯವಿದೆ. ಆ ಸಂದೇಶ ಬರುವ 17.2 ಕಿಲೋಹರ್ಟ್ಜ್ ಎಷ್ಟು ಕಡಿಮೆ ಆವರ್ತನ ಅಂದರೆ, ಉದ್ದನೆಯ ತಂತಿಯೊಂದನ್ನು ಕಂಪ್ಯೂಟರಿನ ಸೌಂಡ್ ಕಾರ್ಡಿಗೆ ಸಿಕ್ಕಿಸಿ ಹಿಡಿಯಬಹುದು. ಲಾರ್ಸ್ ಪ್ರತಿ ವರ್ಷ ತಂತಿ ಎಳೆದು ಕಾಯುತ್ತಾರೆ. ಇದನ್ನು ಹೇಳುವಾಗ ಅವರ ಮುಖ ಅರಳಿತ್ತು. ಮಾಲತಿ ಪಕ್ಕದಲ್ಲೇ ಕೂತು ಗಂಡನನ್ನೇ ನೋಡುತ್ತಿದ್ದರು.

ಕರೆಂಟ್ ದರದ ಗ್ರಾಫ್ ಮುಂದೆ ಮಾತ್ರ ಪ್ರತಿ ಸಲವೂ ಒಂದೇ ಪದ: ಬಿಗಿ.

ಅಲ್ಲಿಂದ ಮಾತು ಬೇರೆ ದಾರಿ ಹಿಡಿಯಿತು. ಉಕ್ರೇನ್ ಯುದ್ಧ ಶುರುವಾಗಿ ಗ್ಯಾಸ್ ಬೆಲೆ ಏರಿದ 2022ರಲ್ಲಿ ಮಧ್ಯ ಮತ್ತು ದಕ್ಷಿಣ ಸ್ವೀಡನ್ನಿನ ಕರೆಂಟ್ ದರ ಉತ್ತರ ಭಾಗಕ್ಕಿಂತ ಬಹಳ ಹೆಚ್ಚಿತ್ತು. ಆ ಚಳಿಗಾಲದ ಬಿಲ್ಲು ನೋಡಿದಾಗ ಲಾರ್ಸ್‌ಗೆ ಹಳೆಯದೊಂದು ಹೆದರಿಕೆ ಎದ್ದಿತ್ತು. 1990ರ ದಶಕದ ಆರಂಭದ ಆರ್ಥಿಕ ಬಿಕ್ಕಟ್ಟಿನಲ್ಲಿ ಅವರ ಅಪ್ಪ ಕೆಲಸ ಕಳೆದುಕೊಂಡರು. 1992ರ ಸೆಪ್ಟೆಂಬರಿನಲ್ಲಿ ಅಲ್ಲಿನ ಕೇಂದ್ರ ಬ್ಯಾಂಕು ಬಡ್ಡಿಯನ್ನು ಶೇಕಡಾ 500ಕ್ಕೆ ಏರಿಸಿದ ಕಾಲ ಅದು. ಅಪ್ಪ ಕೋಣೆಯಿಂದ ಕೋಣೆಗೆ ಹೋಗಿ ದೀಪ ಆರಿಸುತ್ತಿದ್ದರಂತೆ. ಮುಂದೆ 1998ರಲ್ಲಿ, ಕೆಲಸದ ಕಡೆಯಿಂದ ತೆರಿಗೆ ರಿಯಾಯಿತಿಯಲ್ಲಿ ಮನೆಗೆ ಕಂಪ್ಯೂಟರ್ ಪಡೆಯುವ ಸರ್ಕಾರಿ ಯೋಜನೆ ಬಂದಾಗ ಅಮ್ಮ ಒಂದು ತಂದುಕೊಟ್ಟರು. ಲಾರ್ಸ್ ಹವ್ಯಾಸ ಹುಟ್ಟಿದ್ದು ಅಲ್ಲಿ.

ನಾನು ಅವರಿಗೆ ನೇರವಾಗಿ ಹೇಳಿದೆ: "ರೇಡಿಯೋ ನಿಮ್ಮ ಹವ್ಯಾಸ. ಗ್ರಾಫ್ ನಿಮ್ಮ ಹೆದರಿಕೆ. ಎರಡೂ ಒಂದೇ ಕಂಪ್ಯೂಟರಿನಲ್ಲಿ ಇರುವುದರಿಂದ ನಿಮಗೂ ಮಾಲತಿಗೂ ಎರಡೂ ಒಂದೇ ಅನ್ನಿಸಿದೆ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಲೆಯಾಡಿಸಿದರು.

ಕೊಟ್ಟ ಸಲಹೆ ಇಷ್ಟು. ಕೈಯಲ್ಲಿ ಒತ್ತಿದರೆ ಪ್ರತಿ ದೀಪವೂ ಹತ್ತಬೇಕು, ಇದರಲ್ಲಿ ಚೌಕಾಸಿ ಇಲ್ಲ. ಮನೆಗೆ ಬಂದ ಅತಿಥಿ, ಮಗು, ಅಜ್ಜಿ ಯಾರನ್ನೂ ಕೇಳದೆ ದೀಪ ಹಾಕುವಂತಿರಬೇಕು. ಸ್ವಿಚ್ ಹಿಂದೆ ಸಣ್ಣ ರಿಲೇ (ಕಂಪ್ಯೂಟರ್ ಕೂಡ ಹಾಕಿ ಆರಿಸಬಲ್ಲ ಪುಟ್ಟ ಸ್ವಿಚ್) ಕೂರಿಸಿದರೆ ಕೈಯೂ ನಡೆಯುತ್ತದೆ, ಕಂಪ್ಯೂಟರೂ ನಡೆಯುತ್ತದೆ ಎಂದು ಲಾರ್ಸ್ ತಾವೇ ಹೇಳಿದರು. ಅಲ್ಲಿ ಗೋಡೆಯೊಳಗಿನ ವೈರಿಂಗ್ ಕೆಲಸವನ್ನು ನೋಂದಾಯಿತ ಕಂಪನಿಯ ಎಲೆಕ್ಟ್ರಿಷಿಯನ್ನರೇ ಮಾಡಬೇಕು, ಆ ಖರ್ಚು ಹವ್ಯಾಸದ ದುಡ್ಡಿನಿಂದ ಹೋಗಲಿ ಎಂದೆ.

ಸಂಜೆ ನಾಲ್ಕರಿಂದ ಎಂಟರವರೆಗೆ ಹೀಟಿಂಗ್ ಇಳಿಸಬಾರದು. ಬಟ್ಟೆ ಒಗೆಯುವ ಮೆಷಿನ್ ದರ ನೋಡಿ ಓಡಲಿ, ಮನುಷ್ಯರ ಮೈ ದರ ನೋಡಿ ಬೆಚ್ಚಗಾಗುವುದು ಬೇಡ. ಈ ಮಾತು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಇಬ್ಬರೂ ಕೂತು ಹಳೆಯ ಬಿಲ್ಲು ತೆಗೆದು, ಸಂಜೆ ಇಳಿಸಿದ್ದರಿಂದ ತಿಂಗಳಿಗೆ ಉಳಿದದ್ದೆಷ್ಟು ಎಂದು ಲೆಕ್ಕ ಹಾಕಲಿ ಎಂದೆ. ಹಾಕಿದರು. ಮೂವರೂ ಒಮ್ಮೆ ಹೊರಗೆ ಊಟ ಮಾಡುವಷ್ಟೂ ಉಳಿದಿರಲಿಲ್ಲ. ಗ್ರಾಫ್ ದಿನಕ್ಕೊಂದೇ ಸಲ, ಊಟದ ಮೇಜಿನಲ್ಲಿ ಖಂಡಿತ ಬೇಡ, ನೋಟಿಫಿಕೇಶನ್ ಬಂದ್.

ಮಾಲತಿಗೆ ಹೇಳಿದ್ದು ಬೇರೆ. ಗಂಡನ ಎಲ್ಲ ಯಂತ್ರಗಳನ್ನೂ ಇಷ್ಟಪಡಬೇಕಾಗಿಲ್ಲ. ಒಂದನ್ನು ಆರಿಸಿಕೊಳ್ಳಿ, ಅದರಲ್ಲಿ ಜೊತೆಗಿರಿ. ಅವರು ಆರಿಸಿಕೊಂಡದ್ದು ಲಾರ್ಸ್‌ನ ಅಣಬೆ ನಕ್ಷೆ. ಮಳೆ ಶುರುವಾದರೆ ಮಲೆನಾಡಿನಲ್ಲಿ ಅಣಬೆ ಎದ್ದಿವೆಯಾ ಎಂದು ನೋಡಲು ಹೋಗುತ್ತಿದ್ದ ಹುಡುಗಿ. ಸ್ವೀಡನ್ನಿನಲ್ಲಿ ಕಾಡು ಯಾರದ್ದೇ ಆಗಿರಲಿ, ಹಣ್ಣು, ಅಣಬೆ ಕೀಳಲು ಎಲ್ಲರಿಗೂ ಹಕ್ಕಿದೆ. ಹಳದಿ ಅಣಬೆ ಸಿಗುವ ಜಾಗಗಳನ್ನು ಲಾರ್ಸ್ ಜಿಪಿಎಸ್ ಗುರುತು ಹಾಕಿ ಇಟ್ಟುಕೊಂಡಿದ್ದಾರೆ. ಅಲ್ಲಿನವರು ಆ ಜಾಗಗಳನ್ನು ನೆಂಟರಿಗೂ ಹೇಳಲು ಹಿಂಜರಿಯುತ್ತಾರೆ. ಆ ನಕ್ಷೆ ಈಗ ಮಾಲತಿಯ ಫೋನಿನಲ್ಲೂ ಇದೆ.

ಅಮ್ಮನ ವಿಷಯದಲ್ಲಿ ಲಾರ್ಸ್ ತಾವೇ ಫೋನ್ ಮಾಡಿ ಕ್ಷಮೆ ಕೇಳಿದರು. ಕಲಿತ ನಾಲ್ಕು ಕನ್ನಡ ಮಾತಿನಲ್ಲೇ. ಇದು ನನ್ನ ಸಲಹೆಯಾಗಿರಲಿಲ್ಲ.

ಟೇಪ್ ಹೋಗಿದೆ, ಸಂಜೆ ಮನೆ ಬೆಚ್ಚಗಿದೆ. ಗ್ರಾಫ್ ನೋಡುವುದು ದಿನಕ್ಕೆ ಎರಡು ಮೂರು ಸಲ ಆಗಿಬಿಡುತ್ತದಂತೆ, ತಿಂಗಳ ಕೊನೆಯಲ್ಲಿ ಇನ್ನೂ ಹೆಚ್ಚು. ಹೆದರಿಕೆಯ ಬಗ್ಗೆ ಲಾರ್ಸ್ ಒಬ್ಬರೇ ನನ್ನ ಹತ್ತಿರ ಮಾತು ಮುಂದುವರಿಸಿದ್ದಾರೆ. ಪಾತ್ರೆ ತೊಳೆಯುವ ಮೆಷಿನ್ ರಾತ್ರಿ ಎರಡು ಗಂಟೆಗೆ ಓಡಬೇಕೋ ಬೇಡವೋ ಎಂಬ ಜಗಳ ಇನ್ನೂ ಬಗೆಹರಿದಿಲ್ಲ.