ಅಣುಬಾಂಬ್ ಪರೀಕ್ಷೆಯಲ್ಲಿ ನೌಕಾಪಡೆಗೆ ಏನು ಕೆಲಸ?

ಹಾಸನದಲ್ಲಿ ನನ್ನ ಬಳಿ ಪಾಠಕ್ಕೆ ಬರುವ ಹುಡುಗಿಯೂ ಇದನ್ನೇ ಕೇಳಿದಳು. ಬಾಂಬ್ ಮಾಡುವವರು ವಿಜ್ಞಾನಿಗಳು ಅಲ್ವಾ, ಹಡಗು ಯಾಕೆ ಬೇಕು ಅಂತ.

1946ರಲ್ಲಿ ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದಲ್ಲಿ ಅಮೆರಿಕ ಮಾಡಿದ ಪರೀಕ್ಷೆ ನೋಡಿ. ನಡುಸಮುದ್ರದ ಆ ಜಾಗಕ್ಕೆ ಅಮೆರಿಕದ ಸುಮಾರು 42 ಸಾವಿರ ಜನ ಹೋದರು. ಅವರ ಊಟ, ವಸತಿ, ಲ್ಯಾಬ್, ರೇಡಿಯೋ, ಎಲ್ಲ ಹಡಗಿನಲ್ಲೇ. ಗುರಿಯಾಗಿ ನಿಲ್ಲಿಸಿದ್ದೂ 90ಕ್ಕೂ ಹೆಚ್ಚು ಹಡಗುಗಳನ್ನೇ. ಅವುಗಳ ಮೇಲೆ ಅಳತೆಯ ಉಪಕರಣಗಳನ್ನು ಕೂರಿಸಿದರು. ಮೇಕೆ, ಹಂದಿ, ಇಲಿಗಳನ್ನೂ ಇಟ್ಟರು. ಪಾಪದ ಮೂಕ ಜೀವಗಳು.

ಎರಡು ಬಾಂಬ್ ಸಿಡಿಸಿದರು. ಜುಲೈ 1ರದ್ದನ್ನು ವಿಮಾನದಿಂದ ಹಾಕಿದರು. ಜುಲೈ 25ರದ್ದು ಬೇರೆ. ಅದನ್ನು ಒಂದು ಹಡಗಿನ ಕೆಳಗೆ, ನೀರಿನಲ್ಲಿ ಸುಮಾರು 27 ಮೀಟರ್ ಆಳಕ್ಕೆ ತೂಗುಹಾಕಿ ಸಿಡಿಸಿದರು. ಮೇಲೆದ್ದ ವಿಕಿರಣಭರಿತ ನೀರು ಹಡಗುಗಳ ಮೇಲೆ ಸುರಿಯಿತು. ನಮ್ಮ ಕಡೆ ಕಾಫಿ, ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣ ಮಳೆಗೂ ಸುಲಭಕ್ಕೆ ಹೋಗಲ್ಲ. ಹಾಗೇ ಇದು ಬಣ್ಣ, ತುಕ್ಕು, ಮರದ ಸಂದಿಗಳಿಗೆ ಹಿಡಿದುಕೊಂಡಿತು. ನಾವಿಕರು ನೀರು ಹಾಯಿಸಿ, ಸೋಪು ಹಾಕಿ ಉಜ್ಜಿದರು. ಹೋಗಲಿಲ್ಲ. ಅವರಲ್ಲಿ ಎಷ್ಟೋ ಜನರಿಗೆ ಸರಿಯಾದ ರಕ್ಷಣೆಯ ಬಟ್ಟೆಯೂ ಇರಲಿಲ್ಲ. ನನಗೆ ಜಾಸ್ತಿ ನೋವಾಗುವುದು ಇಲ್ಲೇ. ಬಾಂಬಿನೊಳಗಿನ ವಿಕಿರಣಶೀಲ ಲೋಹವಾದ ಪ್ಲುಟೋನಿಯಂ ಇರುವುದನ್ನು ಅವರ ಕೈಯಲ್ಲಿದ್ದ, ವಿಕಿರಣ ಅಳೆಯುವ ಗೈಗರ್ ಕೌಂಟರ್ ತೋರಿಸುತ್ತಿರಲಿಲ್ಲ. ಆಗಸ್ಟ್ 10ಕ್ಕೆ ತೊಳೆಯುವುದನ್ನು ನಿಲ್ಲಿಸಿದರು. ಮೂರನೆಯ ಪರೀಕ್ಷೆಯೂ ರದ್ದಾಯಿತು.

ಇನ್ನೊಂದು ಕೆಲಸವೂ ನೌಕಾಪಡೆಯದೇ. ಪರೀಕ್ಷೆಗೂ ಮುಂಚೆ, ಮಾರ್ಚ್‌ನಲ್ಲಿ, ಬಿಕಿನಿಯ 167 ಜನರನ್ನು ಹಡಗು ಹತ್ತಿಸಿ ರೊಂಗೆರಿಕ್ ದ್ವೀಪಕ್ಕೆ ಬಿಟ್ಟು ಬಂದರು. ಅಲ್ಲಿ ಅವರಿಗೆ ಹೊಟ್ಟೆಗೆ ಸಾಕಾಗುವಷ್ಟು ಸಿಗಲಿಲ್ಲ.