ಮೊದಲು ಮಗನನ್ನು ಅಂಗಡಿಯಲ್ಲಿ ಕೂರಿಸಿ

ಗದಗ-ಬೆಟಗೇರಿಯಿಂದ ಬಟ್ಟೆ ಅಂಗಡಿಯ ಮಾಲೀಕರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ಪತ್ರದ ಸಾರ ಇಷ್ಟು. ಮಗ ಶೇ. 84 ಅಂಕ ತೆಗೆದು ಬಿ.ಕಾಂ. ಮುಗಿಸಿದ್ದಾನೆ. ಒಂದು ಖಾಸಗಿ ಬ್ಯಾಂಕಿನ ಕೆಲಸಕ್ಕೆ ಅರ್ಜಿ ಹಾಕಿದ್ದ. ಲೆಕ್ಕದ ಪರೀಕ್ಷೆ, ಇಂಗ್ಲಿಷ್ ಪರೀಕ್ಷೆ ಎರಡೂ ಪಾಸಾದ. ಆಮೇಲೆ ಆನ್‌ಲೈನ್‌ನಲ್ಲಿ ಇನ್ನೊಂದು ಪರೀಕ್ಷೆ ಬಂತು. 'ಹೀಗೊಂದು ಸಂದರ್ಭ ಬಂದಿದೆ, ನೀವು ಏನು ಮಾಡುತ್ತೀರಿ?' ಅಂತ ಪ್ರಶ್ನೆ, ಕೆಳಗೆ ನಾಲ್ಕು ಉತ್ತರ. ಎಲ್ಲಕ್ಕಿಂತ ಒಳ್ಳೆಯದು ಯಾವುದು, ಎಲ್ಲಕ್ಕಿಂತ ಕೆಟ್ಟದ್ದು ಯಾವುದು, ಗುರುತು ಮಾಡಬೇಕು. ಸಿಚುಯೇಷನಲ್ ಜಡ್ಜ್‌ಮೆಂಟ್ ಟೆಸ್ಟ್ ಅಂತ ಅದರ ಹೆಸರು. ಹುಡುಗ ಅಲ್ಲಿ ಬಿದ್ದ. ಈಗ ಧಾರವಾಡದ ಒಂದು ಕೋಚಿಂಗ್ ಸೆಂಟರ್‌ನವರು 12,000 ರೂಪಾಯಿ ಕೊಟ್ಟರೆ ಇಂಥ 500 ಪ್ರಶ್ನೆಗಳನ್ನು ಉತ್ತರ ಸಮೇತ ಬಾಯಿಪಾಠ ಮಾಡಿಸುತ್ತೇವೆ ಅಂದಿದ್ದಾರಂತೆ. ಕೊಡಲೋ ಬೇಡವೋ? ಇಲ್ಲವಾದರೆ ಪತ್ರಿಕೆಯಲ್ಲೇ ತಿಂಗಳಿಗೆ ಇಪ್ಪತ್ತು ಮಾದರಿ ಪ್ರಶ್ನೋತ್ತರ ಹಾಕಬಾರದೇ?

ಇಷ್ಟು ಬರೆದು, ಕೊನೆಯಲ್ಲಿ ಒಂದು ಸಾಲು ಸೇರಿಸಿದ್ದಾರೆ. 'ಓದು ಕೆಡುತ್ತದೆ ಅಂತ ಅವನನ್ನು ಒಂದು ದಿನವೂ ಅಂಗಡಿಯಲ್ಲಿ ಕೂರಿಸಿಲ್ಲ. ನಾನು ಪಟ್ಟ ಕಷ್ಟ ಅವನಿಗೆ ಬೇಡ.'

ಸಾವ್ಕಾರ್ರೇ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರು ಸಲವೂ ಈ ಸಾಲಿಗೆ ಬಂದು ನಿಂತೆ. ಮಗನ ಮೇಲಿನ ನಿಮ್ಮ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಅವನಿಗೆ ಬೇಕಾಗಿದ್ದ ಪಾಠ ನಿಮ್ಮ ಅಂಗಡಿಯಲ್ಲಿ ದಿನಾ ಬೆಳಿಗ್ಗೆಯಿಂದ ರಾತ್ರಿವರೆಗೆ ನಡೆಯುತ್ತಿತ್ತು. ಅವನೊಬ್ಬನನ್ನೇ ನೀವು ಹೊರಗೆ ಇಟ್ಟಿರಿ.

ಕೋಚಿಂಗಿನಿಂದ ಏನೂ ಉಪಯೋಗ ಇಲ್ಲ ಅಂತ ನಾನು ಹೇಳುವುದಿಲ್ಲ. ಬೆಲ್ಜಿಯಂನಲ್ಲಿ ವೈದ್ಯಕೀಯ ಕಾಲೇಜಿಗೆ ಸೇರುವವರಿಗೆ ಇಂಥ ಪರೀಕ್ಷೆ ಇತ್ತು. ಮನಶ್ಶಾಸ್ತ್ರಜ್ಞ ಫಿಲಿಪ್ ಲೀವೆನ್ಸ್ ಮತ್ತು ಅವರ ಜೊತೆಗಾರರು ಅಲ್ಲಿ ಕೋಚಿಂಗ್ ತಗೊಂಡವರನ್ನೂ ತಗೊಳ್ಳದವರನ್ನೂ ಹೋಲಿಸಿ ನೋಡಿ 2012ರಲ್ಲಿ ಪ್ರಕಟಿಸಿದರು. ಕೋಚಿಂಗ್ ತಗೊಂಡವರ ಅಂಕ ಜಾಸ್ತಿಯೇ ಇತ್ತು. ಪ್ರಶ್ನೆ ಹೇಗಿರುತ್ತದೆ ಅಂತ ಮೊದಲೇ ಗೊತ್ತಿದ್ದರೆ ಗಾಬರಿ ಕಡಿಮೆ, ಅದು ನಿಜ. ಗಡಿಯಾರ ಮುಂದಿಟ್ಟುಕೊಂಡು ಎರಡು ಮೂರು ಮಾದರಿ ಪರೀಕ್ಷೆ ಬಿಡಿಸಲಿ. ಕೆಲವು ಕಂಪನಿಗಳು ತಮ್ಮ ವೆಬ್‌ಸೈಟಿನಲ್ಲೇ ಮಾದರಿ ಇಟ್ಟಿರುತ್ತವೆ, ದುಡ್ಡು ಕೊಡಬೇಕಾಗಿಲ್ಲ. ಕೋಚಿಂಗ್ ಪರವಾಗಿ ನಾನು ಹೇಳಬಹುದಾದದ್ದು ಇಷ್ಟೇ.

ಈಗ ಈ ಪ್ರಶ್ನೆಗಳು ಎಲ್ಲಿಂದ ಬರುತ್ತವೆ ಅನ್ನೋದನ್ನ ಕೇಳಿ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಯುದ್ಧವಿಮಾನಗಳಿಗೆ ಪೈಲಟ್‌ಗಳನ್ನು ಆರಿಸುವ ಕೆಲಸ ಮಾಡುತ್ತಿದ್ದ ಜಾನ್ ಫ್ಲಾನಗನ್ ಎಂಬ ಮನಶ್ಶಾಸ್ತ್ರಜ್ಞ 1954ರಲ್ಲಿ ಒಂದು ವಿಧಾನವನ್ನು ಬರೆದಿಟ್ಟ. ಸರಳವಾದ ವಿಧಾನ. ಆ ಕೆಲಸ ಮಾಡುತ್ತಿರುವವರ ಹತ್ತಿರ ಹೋಗಿ ಕೇಳಬೇಕು. ಕೆಲಸ ಕೈಕೊಟ್ಟ ಒಂದು ಪ್ರಸಂಗ ಹೇಳಿ, ಕೈಹಿಡಿದ ಒಂದು ಪ್ರಸಂಗ ಹೇಳಿ. ಆಗ ಏನಾಗಿತ್ತು? ನೀವು ಏನು ಮಾಡಿದಿರಿ? ಕೊನೆಗೆ ಏನಾಯಿತು? ಇಂದಿಗೂ ಎಷ್ಟೋ ಕಡೆ ಈ ಪರೀಕ್ಷೆಯ ಪ್ರಶ್ನೆಗಳನ್ನು ಹೀಗೇ ಕೂಡಿಸುತ್ತಾರೆ. ಯಾವ ಉತ್ತರ ಸರಿ ಅಂತ ನಿರ್ಧರಿಸುವವರೂ ಸಾಮಾನ್ಯವಾಗಿ ಆ ಕೆಲಸದಲ್ಲಿ ಪಳಗಿದವರೇ. ಕೌಂಟರ್ ಹಿಂದೆ ನಿಂತವರ ಅನುಭವವನ್ನೇ ಪ್ರಶ್ನೆ ಮಾಡಿ, ಕೌಂಟರ್ ನೋಡದ ಹುಡುಗರ ಮುಂದೆ ಇಡುತ್ತಾರೆ.

ನನ್ನದೇ ಒಂದು ಪ್ರಸಂಗ ಹೇಳುತ್ತೇನೆ. ಪಿಯುಸಿ ಮುಗಿದ ರಜೆಯಲ್ಲಿ ಹುಬ್ಬಳ್ಳಿಯ ದುರ್ಗದಬೈಲಿನ ಹತ್ತಿರ ಸೋದರಮಾವನ ಬಟ್ಟೆ ಅಂಗಡಿಯಲ್ಲಿ ಕೂರುತ್ತಿದ್ದೆ. ಮದುವೆ ಸೀಸನ್, ಅಂಗಡಿ ತುಂಬ ಜನ. ಹಳ್ಳಿಯಿಂದ ಬಂದ ಹಿರಿಯರೊಬ್ಬರು ಪಂಚೆ ತಗೊಂಡರು. ನಾನು ಚಿಲ್ಲರೆ ಕೊಟ್ಟೆ. ಅವರು ಎಣಿಸಿ, 'ನಾ ನೂರರ ನೋಟು ಕೊಟ್ಟೇನಿ, ನೀ ಐವತ್ತರ ಲೆಕ್ಕ ಹಿಡಿದಿ' ಅಂದರು. ನಾನು ಎಲ್ಲರ ಮುಂದೆ ಗಟ್ಟಿಯಾಗಿ ಹೇಳಿದೆ: 'ಐವತ್ತೇ ಕೊಟ್ಟೀರಿ, ನಾ ನೋಡೀನಿ.' ಅವರ ಮುಖ ಕೆಂಪಾಯಿತು. ಸುತ್ತ ನಿಂತವರು ಬಟ್ಟೆ ನೋಡುವುದು ಬಿಟ್ಟು ನಮ್ಮನ್ನೇ ನೋಡತೊಡಗಿದರು.

ಮಾವ ಗಾದಿಯಿಂದ ಎದ್ದು ಬಂದರು. ನನ್ನನ್ನು ಬೈಯಲಿಲ್ಲ. ಹಿರಿಯರಿಗೆ ಸ್ಟೂಲ್ ಕೊಟ್ಟು, 'ಕುಂದರ್ರಿ ಯಜಮಾನ್ರ, ನೀರ ಕುಡೀರಿ, ನಿಮ್ಮ ಎದುರಿಗೇ ಎಣಿಸೋಣ' ಅಂದರು. ನನಗೆ, 'ನೀ ಆ ಅಕ್ಕಾರಿಗೆ ಸೀರಿ ತೋರಸು' ಅಂತ ಹೇಳಿ ಆ ಜಾಗದಿಂದ ಕಳಿಸಿದರು. ಗಲ್ಲಾದಲ್ಲಿದ್ದ ದುಡ್ಡನ್ನೆಲ್ಲ ಹಾಸಿದ ಬಟ್ಟೆಯ ಮೇಲೆ ಸುರಿದರು. ಕಿರ್ದಿ ಪುಸ್ತಕ ತೆಗೆದು ಬೆಳಗಿನಿಂದ ಆದ ವ್ಯಾಪಾರ ಕೂಡಿಸಿದರು. ಐವತ್ತು ರೂಪಾಯಿ ಜಾಸ್ತಿ ಬಂತು. ತಪ್ಪು ನನ್ನದೇ. ಮಾವ ಐವತ್ತನ್ನು ಎರಡೂ ಕೈಯಿಂದ ಕೊಟ್ಟರು. ರಾತ್ರಿ ಅಂಗಡಿ ಹಾಕುವಾಗ ನನಗೆ ಅಂದದ್ದು ಒಂದೇ ಮಾತು: 'ನೋಡೀನಿ ಅನ್ನೋಕಿಂತ ಮೊದಲ ಎಣಿಸೀನಿ ಅನ್ನಬೇಕು ತಮ್ಮಾ.'

ಇದನ್ನೇ ಪರೀಕ್ಷೆಯ ಪ್ರಶ್ನೆ ಮಾಡಿ ನೋಡಿ. ಗ್ರಾಹಕ ತಾನು ಜಾಸ್ತಿ ದುಡ್ಡು ಕೊಟ್ಟೆ ಅನ್ನುತ್ತಿದ್ದಾನೆ. ನೀವು ಸರಿಯಾಗಿಯೇ ತಗೊಂಡಿದ್ದೀರಿ ಅಂತ ವಾದ ಮಾಡುತ್ತೀರಾ? ಗಲಾಟೆ ಬೇಡ ಅಂತ ಕೇಳಿದಷ್ಟು ಕೊಟ್ಟುಬಿಡುತ್ತೀರಾ? ಮ್ಯಾನೇಜರ್ ಇಲ್ಲ, ನಾಳೆ ಬನ್ನಿ ಅನ್ನುತ್ತೀರಾ? ಅವರನ್ನು ಕೂರಿಸಿ, ಎದುರಿಗೇ ಲೆಕ್ಕ ತಾಳೆ ನೋಡುತ್ತೀರಾ? 'ಗ್ರಾಹಕನೇ ದೇವರು' ಅಂತ ಬಾಯಿಪಾಠ ಮಾಡಿದ ಹುಡುಗ ಎರಡನೆಯದಕ್ಕೆ ಗುರುತು ಹಾಕುತ್ತಾನೆ. ಸಂಜೆ ಗಲ್ಲಾ ಕಡಿಮೆ ಬಂದಾಗ ಮಾಲೀಕರಿಗೆ ಏನು ಹೇಳಬೇಕಾಗುತ್ತದೆ ಅನ್ನೋದು ಅವನಿಗೆ ಗೊತ್ತಿಲ್ಲ. ಒಂದು ದೀಪಾವಳಿ ನಿಮ್ಮ ಅಂಗಡಿಯಲ್ಲಿ ಕೂತಿದ್ದರೆ ನಿಮ್ಮ ಮಗನಿಗೆ ಗೊತ್ತಿರುತ್ತಿತ್ತು, ಅಲ್ವಾ?

ಬಾಯಿಪಾಠದ ಇನ್ನೊಂದು ಅಪಾಯ, ಪ್ರಶ್ನೆಯನ್ನೇ ಸರಿಯಾಗಿ ಓದದಿರುವುದು. ಕೆಲವು ಪರೀಕ್ಷೆ 'ನೀವು ಏನು ಮಾಡುತ್ತೀರಿ' ಅಂತ ಕೇಳುತ್ತವೆ. ಕೆಲವು 'ಏನು ಮಾಡಬೇಕು' ಅಂತ ಕೇಳುತ್ತವೆ. ಎರಡೂ ಒಂದೇ ಅನ್ನಿಸುತ್ತದೆ, ಆದರೆ ಒಂದೇ ಅಲ್ಲ. ಸಂಶೋಧಕ ಮೈಕೆಲ್ ಮ್ಯಾಕ್‌ಡೇನಿಯಲ್ ಮತ್ತು ಸಂಗಡಿಗರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ 2007ರಲ್ಲಿ ತೋರಿಸಿದರು: ಮೊದಲನೆಯದರಲ್ಲಿ ಮನುಷ್ಯನ ಸ್ವಭಾವ ಜಾಸ್ತಿ ಕಾಣುತ್ತದೆ, ಎರಡನೆಯದರಲ್ಲಿ ಬುದ್ಧಿ ಜಾಸ್ತಿ ಕಾಣುತ್ತದೆ. ನಾನು ಇದನ್ನು ಹುಬ್ಬಳ್ಳಿ-ಗದಗ ಬಸ್ಸಿನಲ್ಲಿ ಕಂಡೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲಿನ ಮಾತು. ಅಜ್ಜಿಯೊಬ್ಬಳು ಗುರುತಿನ ಚೀಟಿ ಮರೆತು ಬಂದಿದ್ದಳು. ಕಂಡಕ್ಟರ್ ಹುಡುಗ, 'ಚೀಲದಾಗ ಇನ್ನೊಮ್ಮೆ ಹುಡುಕವ್ವಾ, ನಾ ಹಿಂದಿನವರಿಗೆ ಟಿಕೆಟ್ ಕೊಟ್ಟ ಬರ್ತೀನಿ' ಅಂದ. ಮರಳಿ ಬಂದಾಗಲೂ ಚೀಟಿ ಸಿಕ್ಕಿರಲಿಲ್ಲ. ಮೆತ್ತಗೆ ಹೇಳಿ, ದುಡ್ಡು ತಗೊಂಡು ಟಿಕೆಟ್ ಕೊಟ್ಟ. ನಾನಾಗಿದ್ದರೆ ಸುಮ್ನೆ ಬಿಟ್ಟುಬಿಡುತ್ತಿದ್ದೆ. ಅದು ನಾನು ಮಾಡುವುದು. ಕಂಡಕ್ಟರ್ ಮಾಡಬೇಕಾದದ್ದು ಅವನು ಮಾಡಿದ್ದೇ. ಹುಡುಕಲು ಅವಳಿಗೆ ಹೊತ್ತು ಕೊಟ್ಟ, ಎಲ್ಲರ ಮುಂದೆ ಅವಮಾನ ಮಾಡಲಿಲ್ಲ, ನಿಯಮವನ್ನೂ ಬಿಡಲಿಲ್ಲ. ಆ ಹುಡುಗನನ್ನು ಯಾವ ಬ್ಯಾಂಕಿನ ಪರೀಕ್ಷೆಗೆ ಕೂರಿಸಿದರೂ ಪಾಸಾಗುತ್ತಾನೆ ಅಂತ ನನ್ನ ನಂಬಿಕೆ.

ಜರ್ಮನಿಯ ಸ್ಟೆಫಾನ್ ಕ್ರುಮ್ ಮತ್ತು ಸಂಗಡಿಗರ 2015ರ ಅಧ್ಯಯನವೊಂದಿದೆ. ಅವರು ಪ್ರಶ್ನೆಯಲ್ಲಿದ್ದ ಸಂದರ್ಭವನ್ನೇ ತೆಗೆದುಹಾಕಿ, ಬರೀ ಉತ್ತರಗಳನ್ನು ಮುಂದಿಟ್ಟರು. ಎಷ್ಟೋ ಪ್ರಶ್ನೆಗಳಲ್ಲಿ ಜನ ಅಷ್ಟೇ ಚೆನ್ನಾಗಿ ಉತ್ತರಿಸಿದರು. ಹಾಗಾದರೆ ಪರೀಕ್ಷೆಯೇ ಬೋಗಸ್ ಅಂತ ಕೆಲವರು ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮುಚ್ಚಿಡುವುದು ಕೆಟ್ಟದ್ದು, ಕೇಳಿ ತಿಳಿಯುವುದು ಒಳ್ಳೆಯದು, ತಪ್ಪನ್ನು ಪಕ್ಕದವನ ಮೇಲೆ ಹಾಕುವುದು ಹೊಲಸು. ನಾಲ್ಕು ಜನರ ನಡುವೆ ಬೆಳೆದವನಿಗೆ ಇದು ಸಂದರ್ಭ ಓದದೆಯೂ ಗೊತ್ತಿರುತ್ತದೆ.

ನಮ್ಮಲ್ಲಿಯೂ ಇದು ಹೊಸದೇನಲ್ಲ. ಸೈನ್ಯದ ಅಧಿಕಾರಿ ಆಗಬೇಕೆಂದು ಎಸ್‌ಎಸ್‌ಬಿಗೆ, ಅಂದರೆ ಸೇನಾ ಆಯ್ಕೆ ಮಂಡಳಿಗೆ, ಹೋದವರನ್ನು ಕೇಳಿ. ಅಲ್ಲಿ 30 ನಿಮಿಷದಲ್ಲಿ 60 ಸಂದರ್ಭ. ಆರಿಸಲು ಉತ್ತರಗಳಿಲ್ಲ, ನೀವೇ ಬರೆಯಬೇಕು. ಒಂದಕ್ಕೆ ಅರ್ಧ ನಿಮಿಷ. ಅಷ್ಟರಲ್ಲಿ ಬಾಯಿಪಾಠ ಮಾಡಿದ್ದನ್ನು ಹುಡುಕಿ ತೆಗೆಯಲು ಎಲ್ಲಿ ಪುರುಸೊತ್ತು? ಯುಪಿಎಸ್‌ಸಿಯವರು 2011ರಲ್ಲಿ ಪೂರ್ವಭಾವಿ ಪರೀಕ್ಷೆಗೆ ಸಿಸ್ಯಾಟ್ ಎಂಬ ಸಾಮರ್ಥ್ಯದ ಪತ್ರಿಕೆ ತಂದಾಗ ಇಂಥ ಪ್ರಶ್ನೆ ಸೇರಿಸಿ, ಅವಕ್ಕೆ ನೆಗೆಟಿವ್ ಅಂಕ ಇಡಲಿಲ್ಲ. 2013ರಿಂದ ಮುಖ್ಯ ಪರೀಕ್ಷೆಯಲ್ಲಿ 250 ಅಂಕದ ನೀತಿಶಾಸ್ತ್ರದ ಪತ್ರಿಕೆಯನ್ನೇ ಇಟ್ಟರು.

ನಮ್ಮ ಪತ್ರಿಕೆಗೆ ಪ್ರೂಫ್ ನೋಡುವವರು ಬೇಕಾದಾಗ ನಾನೂ ಒಂದು ಪ್ರಶ್ನೆ ಕೇಳುತ್ತೇನೆ. 'ರಾತ್ರಿ ಒಂಬತ್ತು ಗಂಟೆ. ಪುಟ ಅಚ್ಚಾಗುತ್ತಿದೆ. ಶ್ರದ್ಧಾಂಜಲಿ ಜಾಹೀರಾತಿನಲ್ಲಿ ತೀರಿಕೊಂಡವರ ಹೆಸರಿನ ಬದಲು ಅವರ ಮಗನ ಹೆಸರು ಬಿದ್ದಿದೆ. ಏನು ಮಾಡುತ್ತೀರಿ?' ಕಳೆದ ಸಲ ಒಂಬತ್ತು ಜನ ಬಂದಿದ್ದರು, ಎಲ್ಲರೂ ಪದವೀಧರರು. ಎಂಟು ಜನ ನಿಮಗೆ ಫೋನ್ ಮಾಡುತ್ತೇವೆ, ಮೇಲ್ ಹಾಕುತ್ತೇವೆ, ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುತ್ತೇವೆ ಅಂದರು. ಒಬ್ಬನಂತೂ 'ಸರ್, ಇದಕ್ಕೆ ಕರೆಕ್ಟ್ ಆನ್ಸರ್ ಯಾವುದು?' ಅಂತ ನನ್ನನ್ನೇ ಕೇಳಿದ. ಒಂಬತ್ತನೆಯವಳು ನಿಮ್ಮ ಗದಗಿನ ಹುಡುಗಿ. ಕಾಲೇಜಿಗೆ ಹೋಗುತ್ತಲೇ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ ಜೋಡಿಸಿದವಳು. 'ಮೊದಲ ಮಷಿನ್ ನಿಲ್ಲಸ್ತೀನ್ರಿ. ಆಮೇಲೆ ಫೋನ್ ಮಾಡ್ತೀನ್ರಿ' ಅಂದಳು. ಇವತ್ತು ಈ ಪುಟದ ಪ್ರೂಫ್ ನೋಡುವವಳೂ ಅವಳೇ.

ಧಾರವಾಡದಲ್ಲಿ ಕೋಚಿಂಗ್ ಸೆಂಟರ್‌ಗಳೇ ತುಂಬಿರುವ ಸಪ್ತಾಪುರದ ಕಡೆ ಹೋದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಬಾಗಲಕೋಟೆ, ಕೊಪ್ಪಳ, ರಾಯಚೂರು, ಎಲ್ಲೆಲ್ಲಿಂದಲೋ ಬಂದ ಮಕ್ಕಳು. ಊರಲ್ಲಿ ಅಪ್ಪ ಕಳಿಸುವ ದುಡ್ಡು ಲೆಕ್ಕ ಹಾಕಿ ಊಟ ಮಾಡುತ್ತಾರೆ. ಓದುವ ಕೋಣೆಯಲ್ಲಿ ದಿನಕ್ಕೆ ಹತ್ತು-ಹನ್ನೆರಡು ತಾಸು, ವರ್ಷಗಟ್ಟಲೆ. ಅವರ ಶ್ರಮಕ್ಕೆ ಕೈಮುಗಿಯುತ್ತೇನೆ. ಆದರೆ ಆ ವರ್ಷಗಳಲ್ಲಿ ಅವರು ಅಪರಿಚಿತರೊಬ್ಬರ ಸಿಟ್ಟನ್ನು ಸಮಾಧಾನ ಮಾಡಿದ್ದುಂಟಾ? ಯಾರಿಗಾದರೂ 'ಇಲ್ಲ' ಅಂತ ಮರ್ಯಾದೆಯಿಂದ ಹೇಳಿದ್ದುಂಟಾ? 'ನೀ ಓದು, ಉಳಿದದ್ದು ನಮಗೆ ಬಿಡು' ಅಂತ ನಾವೇ ಅವರಿಗೆ ಕಲಿಸಿದ್ದೇವೆ. ಸಂತೆಗೆ ನಾವೇ ಹೋಗುತ್ತೇವೆ. ಕರೆಂಟ್ ಬಿಲ್ ತಪ್ಪಾಗಿದ್ದರೆ ನಾವೇ ಹೋಗಿ ಕೇಳುತ್ತೇವೆ. ಇಪ್ಪತ್ತೆರಡು ವರ್ಷ ಒಂದೂ ನಿರ್ಧಾರ ಮಾಡಲು ಬಿಡದೆ, ಇಪ್ಪತ್ಮೂರನೇ ವರ್ಷ ನಿರ್ಧಾರದ ಪರೀಕ್ಷೆಗೆ ಕೂರಿಸುತ್ತೇವೆ.

ನಿಮ್ಮ ಗದಗ ತಾಲೂಕಿನ ಕಣಗಿನಹಾಳವನ್ನೇ ನೋಡಿ. 1905ರಲ್ಲಿ ಸಿದ್ದನಗೌಡ ಪಾಟೀಲರು ಅಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಏಷ್ಯಾದಲ್ಲೇ ಮೊದಲನೆಯದು ಅಂತ ಹೇಳುತ್ತಾರೆ. ಯಾರಿಗೆ ಸಾಲ ಕೊಡಬೇಕು, ಮಳೆ ಕೈಕೊಟ್ಟ ವರ್ಷ ಯಾರಿಗೆ ಗಡುವು ಮುಂದೆ ಹಾಕಬೇಕು, ಇಂಥದ್ದನ್ನೆಲ್ಲ ಊರಿನವರೇ ಕೂತು ತೀರ್ಮಾನಿಸುವ ಸಂಘ ಅದು. ಅಂಥ ಜನರ ಮೊಮ್ಮಕ್ಕಳಿಗೆ ತೀರ್ಮಾನ ಮಾಡುವುದನ್ನು ಧಾರವಾಡಕ್ಕೆ ಕಳಿಸಿ, ದುಡ್ಡು ಕೊಟ್ಟು ಕಲಿಸಬೇಕಾ?

ಭಾಷೆಯ ತೊಂದರೆಯೂ ಇದೆ, ಅದನ್ನು ನಾನು ಸಣ್ಣದು ಅನ್ನುವುದಿಲ್ಲ. ಮುಂಡರಗಿ ಕಡೆಯ ಹುಡುಗಿಯೊಬ್ಬಳು ಮಾದರಿ ಪ್ರಶ್ನೆ ಹಿಡಿದು ನಮ್ಮ ಕಚೇರಿಗೆ ಬಂದಿದ್ದಳು. 'ಎಸ್ಕಲೇಟ್ ದಿ ಮ್ಯಾಟರ್' ಅಂತ ಒಂದು ಉತ್ತರ ಇತ್ತು. ಜಗಳ ಹೆಚ್ಚು ಮಾಡುವುದು ಅಂತ ತಿಳಿದು ಅದನ್ನು 'ಅತಿ ಕೆಟ್ಟದ್ದು' ಅಂತ ಗುರುತು ಮಾಡಿದ್ದಳು. 'ಮೇಲಿನವರ ಕಿವಿಗೆ ಹಾಕು ಅಂತ ಅರ್ಥ ತಂಗಿ' ಅಂದೆ. 'ಅಷ್ಟೇನಾ ಸರ್? ಅದು ನನಗ ಗೊತ್ತಿತ್ತಲ್ರಿ' ಅಂದಳು, ಕಣ್ಣಲ್ಲಿ ನೀರು. ಗ್ರಾಮೀಣ ಬ್ಯಾಂಕಿನ ಪರೀಕ್ಷೆಯನ್ನು 2019ರಿಂದ ಕನ್ನಡದಲ್ಲಿ ಬರೆಯಬಹುದು. ಕರ್ನಾಟಕದ ಗ್ರಾಹಕರ ಜೊತೆ ಮಾತಾಡಬೇಕಾದ ಕೆಲಸಕ್ಕೆ ಖಾಸಗಿಯವರು ಯಾಕೆ ಕನ್ನಡದಲ್ಲಿ ಕೇಳಬಾರದು? ಅಲ್ಲಿಯವರೆಗೆ ನಿಮ್ಮ ಮಗ ಇಂಥ ಐವತ್ತು ಇಂಗ್ಲಿಷ್ ಮಾತುಗಳಿಗೆ ಮನೆಮಾತಿನಲ್ಲಿ ಅರ್ಥ ಬರೆದಿಟ್ಟುಕೊಳ್ಳಲಿ.

12,000 ರೂಪಾಯಿ ನಿಮ್ಮ ಹತ್ತಿರವೇ ಇರಲಿ. ಎರಡು ತಿಂಗಳು ಹುಡುಗನನ್ನು ಸಂಜೆ ಹೊತ್ತು ಅಂಗಡಿಯಲ್ಲಿ ಕೂರಿಸಿ. ನೀವು ಪಕ್ಕದಲ್ಲಿರಿ, ಆದರೆ ನಡುವೆ ಬಾಯಿ ಹಾಕಬೇಡಿ. ಉಟ್ಟು ಒಗೆದ ಸೀರೆ ವಾಪಸ್ ತಂದವರ ಜೊತೆ ಅವನೇ ಮಾತಾಡಲಿ. ಉದ್ರಿ ಕೇಳಿದ ಸಂಬಂಧಿಕರಿಗೆ ಅವನೇ ಉತ್ತರ ಕೊಡಲಿ. ರಾತ್ರಿ ಒಂದು ಪ್ರಸಂಗವನ್ನು ನೋಟ್‌ಬುಕ್ಕಿನಲ್ಲಿ ಬರೆಯಲಿ: ಏನಾಯಿತು, ನಾನು ಏನು ಮಾಡಿದೆ, ಇನ್ನೇನು ಮಾಡಬಹುದಿತ್ತು. ಭಾನುವಾರ ಪರಿಚಯದ ಬ್ಯಾಂಕ್ ಕ್ಯಾಶಿಯರ್ ಮನೆಗೆ ಹೋಗಿ, ಕೆಲಸದಲ್ಲಿ ತಲೆನೋವು ತಂದ ಮೂರು ದಿನಗಳ ಕಥೆ ಕೇಳಿಕೊಂಡು ಬರಲಿ. ಪರೀಕ್ಷೆಯಲ್ಲಿ ಕೂತಾಗ, ನಾನು ಇಲ್ಲಿ ಯಾರು, ಹೊಸ ಗುಮಾಸ್ತನೋ ಮ್ಯಾನೇಜರೋ ಅನ್ನೋದನ್ನ ಮೊದಲು ನೋಡಲಿ. ಪ್ರಶ್ನೆಯಲ್ಲಿ ಇಲ್ಲದ್ದನ್ನು ಊಹಿಸಿಕೊಳ್ಳದಿರಲಿ. ಎಲ್ಲಕ್ಕಿಂತ ಕೆಟ್ಟ ಉತ್ತರವನ್ನು ಮೊದಲು ಹುಡುಕಿದರೆ ಉಳಿದವು ಸಲೀಸು.

ಮಾದರಿ ಪ್ರಶ್ನೆ ಹಾಕಿ ಅಂದಿರಲ್ಲ, ಹಾಕುತ್ತೇವೆ. ಆದರೆ ಕಳಿಸಬೇಕಾದವರು ನೀವು. ನಿಮ್ಮ ಅಂಗಡಿಯಲ್ಲಿ ನಡೆದ ಹತ್ತು ಪ್ರಸಂಗ ಬರೆದು ಕಳಿಸಿ. ಆಗ ನೀವು ಏನು ಮಾಡಿದಿರಿ ಅನ್ನೋದನ್ನ ಬೇರೆ ಹಾಳೆಯಲ್ಲಿ ಬರೆಯಿರಿ. ಆ ಹಾಳೆಯನ್ನು ಮಗನಿಗೆ ತೋರಿಸಬೇಡಿ. ಮೊದಲು ಅವನು ತನ್ನ ಉತ್ತರ ಬರೆಯಲಿ, ಎರಡನ್ನೂ ಒಂದೇ ಲಕೋಟೆಯಲ್ಲಿ ಹಾಕಿ ಕಳಿಸಿ. ಮುಂದಿನ ಸಂಚಿಕೆಯಲ್ಲಿ ನಿಮಗಾಗಿ ಎರಡು ಪುಟ ಖಾಲಿ ಇಟ್ಟಿದ್ದೇನೆ.