ನನಗೆ ಯಾವ ಥರದ ಟ್ರೈಲ್ ರೇಸ್ ಹೊಂದುತ್ತೆ ಅಂತ ಕಂಡುಕೊಳ್ಳೋದು ಹೇಗೆ?

ಮೈಸೂರಲ್ಲಿದ್ದೀರಿ, ರಸ್ತೆ ಮೇಲಿನ ಹಾಫ್ ಮ್ಯಾರಥಾನ್ 2 ಗಂಟೆ 5 ನಿಮಿಷಕ್ಕೆ ಮುಗಿಸ್ತೀರಿ, ಮೊದಲ ಟ್ರೈಲ್ ರೇಸಿಗೆ (ಡಾಂಬರಿಲ್ಲದ ಕಾಡು, ಬೆಟ್ಟದ ದಾರಿಯ ಓಟ) 30 ಕಿ.ಮೀ. ಹಾಕಲೋ 50 ಹಾಕಲೋ ಅಂತ ಕೇಳಿದ್ದೀರಿ. ದೂರದ ಮಾತು ಆಮೇಲೆ. ಮೊದಲು ರೇಸಿನ ಒಟ್ಟು ಏರನ್ನು ದೂರದಿಂದ ಭಾಗಿಸಿ. ಕಿಲೋಮೀಟರಿಗೆ 20 ಮೀಟರ್ ಒಳಗಿದ್ದರೆ ಬಹುಪಾಲು ಓಡಬಹುದಾದ ದಾರಿ. 30–40 ಅಂದರೆ ಓಟ, ನಡಿಗೆ ಎರಡೂ. 50 ದಾಟಿತೋ, ನಮ್ಮಂಥವರಿಗೆ ಅದು ಬೆಟ್ಟ ಹತ್ತೋ ಸ್ಪರ್ಧೆಯೇ. ಅಮೆರಿಕದ ಟ್ರೈಲ್ ರೇಸ್ ವೆಸ್ಟರ್ನ್ ಸ್ಟೇಟ್ಸ್‌ನಲ್ಲಿ 161 ಕಿ.ಮೀ.ಗೆ ಸುಮಾರು 5,500 ಮೀ. ಏರು, ಅಂದರೆ 34. ಆಲ್ಪ್ಸ್‌ನ ಯುಟಿಎಂಬಿಯಲ್ಲಿ ಸುಮಾರು 170 ಕಿ.ಮೀ.ಗೆ 10,000 ಮೀ., ಅಂದರೆ 59. ದೂರ ಹೆಚ್ಚುಕಮ್ಮಿ ಒಂದೇ, ಬೇಕಾದ ಕಾಲು ಬೇರೆ.

ಇನ್ನು ನಿಮ್ಮ ಕಾಲು ಎಂಥದ್ದು ಅನ್ನೋದು. ಅದಕ್ಕೆ ಚಾಮುಂಡಿ ಬೆಟ್ಟದ ಮೆಟ್ಟಿಲೇ ಸಾಕು. ಬೆಳಿಗ್ಗೆ ಭಕ್ತರ ಸಂದಣಿ ಶುರುವಾಗೋ ಮುಂಚೆ ಹೋಗಿ. ಓಡಬೇಡಿ, ಜೋರಾಗಿ ನಡೆದು ಹತ್ತಿ. ಎಷ್ಟು ನಿಮಿಷಕ್ಕೆ ಎಷ್ಟು ಮೀಟರ್ ಏರಿದಿರಿ ಅಂತ ವಾಚಲ್ಲಿ ನೋಡಿ, ಗಂಟೆಯ ಲೆಕ್ಕಕ್ಕೆ ತನ್ನಿ. ಗಂಟೆಗೆ 600 ಮೀ. ಬಂದರೆ ಸಾಧಾರಣ, 800 ದಾಟಿದರೆ ಏರು ನಿಮ್ಮ ಬಲ. ಅಂಥವರು 5 ಕಿ.ಮೀ. ಒಳಗೆ 1,000 ಮೀ. ಹತ್ತಿಸೋ ವರ್ಟಿಕಲ್ ಕಿಲೋಮೀಟರ್ ಥರದ ರೇಸಿನ ಕಡೆಗೂ ಕಣ್ಣು ಹಾಯಿಸಬಹುದು.

ಆದರೆ ರಸ್ತೆ ಓಟಗಾರರನ್ನು ಕೆಡವೋದು ಹೆಚ್ಚಾಗಿ ಇಳಿಜಾರು, ಇದನ್ನು ಯಾರೂ ಮೊದಲೇ ಹೇಳಲ್ಲ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಭಾರ ತಡೀಬೇಕು. ಸಣ್ಣ ಸಣ್ಣ ಹಾನಿ ಆಗೋದು ಅಲ್ಲೇ. ಬೇರೊಂದು ದಿನ, ಮಣ್ಣಿನ ಇಳಿಜಾರಲ್ಲಿ ಒಟ್ಟು 400–500 ಮೀ. ಆಗುವಷ್ಟು ಸಲ ಇಳಿದು ನೋಡಿ. ಎದೆಬಡಿತ ಕಡಿಮೆಯಿದ್ದೂ ವೇಗ ಬರ್ತಿಲ್ಲ ಅಂದರೆ ಕೊರತೆ ಉಸಿರಿಂದಲ್ಲ, ಧೈರ್ಯ ಮತ್ತು ಹೆಜ್ಜೆಯದು: ಹಿಮ್ಮಡಿ ಮುಂದೆ ಚಾಚಿ ಬ್ರೇಕ್ ಹಾಕ್ತಿರ್ತೀರಿ. ಹೆಜ್ಜೆ ಚಿಕ್ಕದು ಮಾಡಿ, ಮೂರ್ನಾಲ್ಕು ಮೀಟರ್ ಮುಂದೆ ನೋಡಿ. ಎರಡನೇ ದಿನಕ್ಕೆ ಮನೆ ಮೆಟ್ಟಿಲು ಇಳಿಯೋಕೇ ಆಗದಿದ್ದರೆ, ಸದ್ಯಕ್ಕೆ ಉದ್ದದ ಇಳಿತ ಇರೋ ರೇಸ್ ಬೇಡ. ಎರಡು ಮೂರು ವಾರ ಬಿಟ್ಟು ಅದೇ ಇಳಿಜಾರು ಮತ್ತೆ ಇಳಿದರೆ ನೋವು ಗಣನೀಯವಾಗಿ ಇಳಿದಿರುತ್ತೆ, ದೇಹ ಇದನ್ನು ಬೇಗ ಕಲಿಯುತ್ತೆ.

ಮೂರನೇದು ಹೊತ್ತು. ಮೂರೂವರೆ ಗಂಟೆ ಹಗುರವಾಗಿ ಓಡಿ, ಮೊದಲ ಗಂಟೆಯ ವೇಗವನ್ನು ಕೊನೆಯ ಗಂಟೆಯ ಜೊತೆ ಹೋಲಿಸಿ. ಗಂಟೆಗೆ 40–60 ಗ್ರಾಂ ಕಾರ್ಬೋಹೈಡ್ರೇಟ್ ತಿನ್ನಿ (ಮಧ್ಯಮ ಬಾಳೆಹಣ್ಣಲ್ಲಿ 25 ಗ್ರಾಂ ಆಸುಪಾಸು), ಬಿಸಿಲು ನೋಡಿಕೊಂಡು 400–700 ಮಿ.ಲೀ. ನೀರು, ಜೊತೆಗೆ ಉಪ್ಪು. ಕೊನೆಯ ಗಂಟೆ ಶೇ. 10ರೊಳಗೆ ನಿಧಾನವಾಗಿದ್ದು, ಹೊಟ್ಟೆಯೂ ತಕರಾರು ತೆಗೆದಿಲ್ಲ ಅಂದರೆ ನೀವು ಅಲ್ಟ್ರಾ (ಮ್ಯಾರಥಾನಿನ 42 ಕಿ.ಮೀ.ಗಿಂತ ಉದ್ದದ ಓಟ) ಕಡೆಯವರು. ಶೇ. 25 ಕುಸಿದರೆ ಅಥವಾ ವಾಕರಿಕೆ ಬಂದರೆ 20–25 ಕಿ.ಮೀ. ರೇಸಲ್ಲೇ ಒಂದು ಸೀಸನ್ ಕಳೆಯೋದು ಲೇಸು.

ಈಗ ದೂರ. ಟ್ರೈಲ್ ಲೆಕ್ಕದಲ್ಲಿ 100 ಮೀ. ಏರನ್ನು ಒಂದು ಕಿ.ಮೀ. ಅಂತ ಸೇರಿಸ್ತಾರೆ. 400 ಮೀ. ಏರಿನ 15 ಕಿ.ಮೀ. ಓಟ ಅಂದರೆ 19. ಅದನ್ನು 2 ಗಂಟೆ 32 ನಿಮಿಷಕ್ಕೆ ಮುಗಿಸಿದರೆ ಈ ಲೆಕ್ಕದ ಕಿಲೋಮೀಟರಿಗೆ ನಿಮ್ಮ ದರ 8 ನಿಮಿಷ. 1,200 ಮೀ. ಏರಿನ 30 ಕಿ.ಮೀ. ರೇಸ್ ಅಂದರೆ 42, ಅಲ್ಲಿಗೆ 5 ಗಂಟೆ 36 ನಿಮಿಷ. ಸುಸ್ತಿಗೆ, ನೀರು ತುಂಬಿಸೋಕೆ ಅಂತ ಇನ್ನೊಂದು ಶೇ. 15 ಸೇರಿಸಿದರೆ ಸುಮಾರು ಆರೂವರೆ ಗಂಟೆ. ಕಟಾಫ್ (ರೇಸ್ ಮುಗಿಸೋಕೆ ಕೊಡೋ ಗಡುವು) ಅದಕ್ಕಿಂತ ಒಂದು ಗಂಟೆಯಾದರೂ ಹೆಚ್ಚಿಲ್ಲದಿದ್ದರೆ ಆ ರೇಸ್ ಬಿಡಿ. ಕೊನೆಯ ಕಟಾಫ್ ಮಾತ್ರ ನೋಡಬೇಡಿ, ನಡುವಿನ ಚೆಕ್‌ಪಾಯಿಂಟ್‌ಗಳದ್ದೂ ನೋಡಿ; ದೊಡ್ಡ ಏರು ಮೊದಲರ್ಧದಲ್ಲೇ ಇದ್ದರೆ ಜನ ಹೊರಬೀಳೋದು ಅಲ್ಲೇ.

ನೆಲದ ವಿಷಯ. ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನಡೆಯೋ ಮಲ್ನಾಡ್ ಅಲ್ಟ್ರಾದಂಥ ಕಡೆ ದಾರಿ ಬಹಳಷ್ಟು ಜೀಪು ಓಡಾಡೋ ಮಣ್ಣಿನ ರಸ್ತೆ, ರಸ್ತೆ ಓಟಗಾರರು ಬೇಗ ಒಗ್ಗಿಕೊಳ್ತಾರೆ. ಮಳೆ ಬಿದ್ದರೆ ಮಾತ್ರ ಕತೆ ಬೇರೆ: ಅಂಟು ಮಣ್ಣು, ಪಾಚಿ ಕಲ್ಲು, ಇಂಬಳ. ತಳದಲ್ಲಿ 4–5 ಮಿ.ಮೀ. ಹಲ್ಲಿರೋ ಶೂ ಬೇಕು. ಬಿಡಿ ಕಲ್ಲು, ಬೇರಿನ ಮೇಲೆ ಹೆಜ್ಜೆ ಇಡೋಕೆ ಅಳುಕಿದ್ದರೆ ಅಂಥ ಕಾಡು ದಾರಿಯನ್ನು ಮುಂದಿನ ವರ್ಷಕ್ಕೆ ಇಡಿ.

ಮನೋಧರ್ಮವೂ ಲೆಕ್ಕಕ್ಕೆ ಬರುತ್ತೆ. ಒಂದೇ ದಾರಿ ಸುತ್ತೋಕೆ ಬೇಜಾರಿಲ್ಲದವರಿಗೆ ಬ್ಯಾಕ್‌ಯಾರ್ಡ್ ಅಲ್ಟ್ರಾ ಇದೆ: ಪ್ರತಿ ಗಂಟೆಗೂ 6.7 ಕಿ.ಮೀ. ಸುತ್ತು, ಒಬ್ಬರೇ ಉಳಿಯೋವರೆಗೆ. ವೇಗವಲ್ಲ, ತಡೆದು ಓಡೋ ಬುದ್ಧಿ ಅಲ್ಲಿ ಗೆಲ್ಲುತ್ತೆ. ಲಡಾಖಿನ 72 ಕಿ.ಮೀ. ಓಟ ಖರ್ದುಂಗ್ ಲಾ ಚಾಲೆಂಜ್ ಫೋಟೊ ನೋಡಿ ಆಸೆಪಡೋರೂ ಇದ್ದಾರೆ, 5,300 ಮೀ. ದಾಟಿದ ಎತ್ತರಕ್ಕೆ ಮೈಸೂರಿನ ತಾಲೀಮು ಏನೇನೂ ಸಾಲದು.

ನಿಮ್ಮ ಹಾಫ್ ಟೈಮ್ ಒಂದನ್ನೇ ನೋಡಿ ಹೇಳೋದಾದರೆ: ಕಿಲೋಮೀಟರಿಗೆ 25 ಮೀಟರ್ ಒಳಗಿನ ಏರು, ಮಣ್ಣಿನ ರಸ್ತೆ, 25–30 ಕಿ.ಮೀ., ಹಗಲಲ್ಲೇ ಮುಗಿಯೋದು. ಮೆಟ್ಟಿಲ ಅಂಕಿಯೂ ಇಳಿಜಾರಿನ ಮರುದಿನದ ಸ್ಥಿತಿಯೂ ಕಾಮೆಂಟಲ್ಲಿ ಹಾಕಿ, 50ರ ಬಗ್ಗೆ ಆಗ ಮಾತಾಡೋಣ.